ಪಂಪು, ಟೈರು, ಸಿಲಿಂಡರ್, ಔಷಧಿ ಡಬ್ಬ: ಮೇಲಿರೋ ನಂಬರ್‌ಗಳನ್ನ ಓದೋದು ಹೇಗೆ?

ತೋಟದಮನೆ, ಮೂಡಿಗೆರೆ

ಮಳೆ ಹಿಂದೆ ಸರಿದು ಪಂಪ್‌ಸೆಟ್, ವೀಡ್ ಕಟರ್, ಇನ್ವರ್ಟರ್ ಬ್ಯಾಟರಿ ಕೊಳ್ಳೋ ಕಾಲ ಬಂತು ಅಂದ್ರೆ ಗುಂಪಿನಲ್ಲಿ ಎರಡೇ ಪ್ರಶ್ನೆ. ಒಂದು, "ಇದು ಯಾವ ವರ್ಷದ ಮಾಲು?" ಇನ್ನೊಂದು, "ಇದಕ್ಕೆ ವಾರಂಟಿ ಸಿಗುತ್ತಾ?" ಜೊತೆಗೆ ಹಾಕೋ ಫೋಟೋದಲ್ಲಿ ಮಾಡೆಲ್ ನಂಬರ್ ಬಿಟ್ಟು ಬೇರೇನೂ ಕಾಣಲ್ಲ. ಕಾರ್ಖಾನೆ ಒಳಗೆ ಈ ನಂಬರ್‌ಗಳು ಹೇಗೆ ಹುಟ್ಟುತ್ತವೆ, ಯಾವುದಕ್ಕೆ ಏನರ್ಥ, ಎಲ್ಲಿ ಹುಡುಕಬೇಕು, ಗೊತ್ತಿರೋರು ಒಂದೇ ಕಡೆ ಬರೆದರೆ ಪಿನ್ ಮಾಡ್ತೀವಿ. ಟೈರು, ಗ್ಯಾಸು, ಔಷಧಿ ಎಲ್ಲ ಸೇರಿಸಿ ಬರೀರಿ.

ಕ್ಯೂಸಿ ಹಾಸನ

ಮೊದಲು ಮೂರು ನಂಬರ್ ಬೇರೆ ಮಾಡ್ಕೊಳ್ಳಿ. ಅರ್ಧ ಗೊಂದಲ ಅಲ್ಲೇ ತೀರುತ್ತೆ.

ಮಾಡೆಲ್ ಅಥವಾ ಪಾರ್ಟ್ ನಂಬರ್ ಅಂದ್ರೆ "ಇದು ಯಾವ ಜಾತಿ ವಸ್ತು" ಅನ್ನೋದು. ಬೇರಿಂಗ್ ಮೇಲೆ 6205 ಅಂತ ಇದ್ದರೆ ಅದು ಸೀರಿಯಲ್ ನಂಬರ್ ಅಲ್ಲ. ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15 ಅಂತ ಅರ್ಥ. ಜಗತ್ತಿನ ಯಾವ ಕಂಪನಿ ಮಾಡಿದರೂ 6205 ಅಂದ್ರೆ ಅದೇ ಅಳತೆ.

ಬ್ಯಾಚ್ ಅಥವಾ ಲಾಟ್ ನಂಬರ್ ಅಂದ್ರೆ ಒಂದೇ ಕಚ್ಚಾ ಮಾಲಿನಲ್ಲಿ, ಒಂದೇ ಹೊತ್ತಿಗೆ, ಒಂದೇ ಯಂತ್ರದಲ್ಲಿ ತಯಾರಾದ ಗುಂಪು. ಔಷಧಿ, ಬಣ್ಣ, ಸಿಮೆಂಟ್, ಕಾಫಿ ಪುಡಿ, ಬೇರಿಂಗ್ ಎಲ್ಲ ಇದರಲ್ಲಿ ಬರುತ್ತವೆ. ಅಗ್ಗದ ವಸ್ತುವಿಗೆ ಒಂದೊಂದಕ್ಕೂ ಬೇರೆ ನಂಬರ್ ಹಾಕಿ ದಾಖಲೆ ಇಡೋ ಖರ್ಚು ಹುಟ್ಟಲ್ಲ, ಅದಕ್ಕೇ ಗುಂಪಿಗೊಂದು ನಂಬರ್.

ಸೀರಿಯಲ್ ನಂಬರ್ ಮಾತ್ರ ಒಂದು ವಸ್ತುವಿಗೆ ಒಂದೇ. ಅದೇ ಕಂಪನಿಯ ಅದೇ ಮಾಡೆಲ್‌ನಲ್ಲಿ ಇನ್ನೊಂದಕ್ಕೆ ಅದು ಇರಬಾರದು.

ಡೇಟ್ ಕೋಡ್ ಅನ್ನೋದು ಇವುಗಳ ಒಳಗೇ ಸೇರಿರಬಹುದು, ಬೇರೆಯಾಗಿಯೂ ಇರಬಹುದು.

ಕಾರ್ಖಾನೆಯಲ್ಲಿ ಕೆಲಸ ಹೀಗೆ ನಡೆಯುತ್ತೆ. ಪಂಪ್ ಮೋಟಾರನ್ನೇ ತಗೊಳ್ಳಿ. ಎರಕದ ಬಾಡಿ ಬರುವಾಗಲೇ ಹೀಟ್ ನಂಬರ್, ಅಂದ್ರೆ ಕುಲುಮೆಯಲ್ಲಿ ಯಾವ ಸಲ ಕರಗಿಸಿದ ಲೋಹ ಅನ್ನೋ ನಂಬರ್, ಇರುತ್ತೆ. ತಾಮ್ರದ ತಂತಿ, ಬೇರಿಂಗ್, ಕೆಪಾಸಿಟರ್ ಒಂದೊಂದೂ ತಂತಮ್ಮ ಲಾಟ್ ನಂಬರ್ ಹೊತ್ತು ಸ್ಟೋರ್ಸ್‌ಗೆ ಬರುತ್ತೆ. ಜೋಡಣೆ ಶುರುವಾಗುವಾಗ ಬಾಡಿಗೆ ಸೀರಿಯಲ್ ಪಂಚ್ ಅಥವಾ ಲೇಸರ್ ಮಾಡ್ತಾರೆ. ಆಮೇಲೆ ಪ್ರತಿ ಹಂತದಲ್ಲೂ ಸ್ಕ್ಯಾನ್: ಯಾವ ಲಾಟ್‌ನ ಬೇರಿಂಗ್ ಕೂತಿತು, ಟೆಸ್ಟ್ ಬೆಂಚಿನಲ್ಲಿ ಎಷ್ಟು ಆಂಪಿಯರ್ ಎಳೆಯಿತು, ಎಷ್ಟು ಹೆಡ್‌ಗೆ (ನೀರು ಎತ್ತೋ ಎತ್ತರಕ್ಕೆ) ಎಷ್ಟು ನೀರು ಕೊಟ್ಟಿತು, ಎಲ್ಲವೂ ಆ ಸೀರಿಯಲ್ ಹೆಸರಲ್ಲಿ ಕೂರುತ್ತೆ. ಕೊನೆಗೆ ಪೆಟ್ಟಿಗೆಯ ಚೀಟಿ, ಆಮೇಲೆ ಯಾವ ಡಿಸ್ಟ್ರಿಬ್ಯೂಟರ್‌ಗೆ ಯಾವ ಇನ್‌ವಾಯ್ಸ್‌ನಲ್ಲಿ ಹೋಯ್ತು ಅನ್ನೋದು.

ಇಷ್ಟೆಲ್ಲ ಮಾಡೋದು ಗಿರಾಕಿ ಮೇಲಿನ ಪ್ರೀತಿಗಲ್ಲ. ನಾಳೆ ಒಂದು ಲಾಟ್ ಕೆಪಾಸಿಟರ್ ಕೆಟ್ಟದ್ದು ಅಂತ ಗೊತ್ತಾದರೆ, ಆ ಲಾಟ್ ಯಾವ ಸೀರಿಯಲ್‌ನಿಂದ ಯಾವ ಸೀರಿಯಲ್‌ವರೆಗೆ ಕೂತಿದೆಯೋ ಅಷ್ಟನ್ನೇ ವಾಪಸ್ ಕರೆಸಬಹುದು. ದಾಖಲೆ ಇಲ್ಲದಿದ್ದರೆ ಇಡೀ ವರ್ಷದ ಉತ್ಪಾದನೆಯನ್ನೇ ಕರೆಸಬೇಕು. ನಂಬರ್ ಅನ್ನೋದು ಕಂಪನಿಗೆ ನಷ್ಟದ ಸುತ್ತ ಹಾಕೋ ಬೇಲಿ. ಅದೇ ನಂಬರ್ ನಿಮ್ಮ ಬಿಲ್ಲಿನಲ್ಲೂ ಇದ್ದರೆ ನಿಮಗೂ ಉಪಯೋಗಕ್ಕೆ ಬರುತ್ತೆ, ಇಲ್ಲದಿದ್ದರೆ ಇಲ್ಲ.

ಚಾರ್ಮಾಡಿ ತಿರುವು

ಟೈರ್ ನಾನು ಬರೀತೀನಿ.

ಪಕ್ಕದ ಗೋಡೆ ಮೇಲೆ ಉದ್ದದ ಓವಲ್ ಚೌಕಟ್ಟಿನೊಳಗೆ ನಾಲ್ಕು ಅಂಕಿ ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 3523 ಅಂದ್ರೆ 2023ರ 35ನೇ ವಾರ, ಅಂದ್ರೆ ಆಗಸ್ಟ್ ಕೊನೆ. ಡಿಓಟಿ ಅಂತ ಶುರುವಾಗೋ ಉದ್ದದ ಕೋಡ್ ಇದ್ದರೆ ಅದರ ಬಾಲದಲ್ಲಿ ಇದೇ ನಾಲ್ಕು ಅಂಕಿ ಇರುತ್ತೆ, ಮುಂದಿರೋದು ಕಾರ್ಖಾನೆ ಮತ್ತು ಸೈಜಿನ ಕೋಡ್. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಹಳೇ ಟ್ರೇಲರ್‌ಗಳಲ್ಲಿ ಈಗಲೂ ಸಿಕ್ಕರೆ ಸಿಗಬಹುದು, ಮುಟ್ಟೋಕೆ ಹೋಗಬೇಡಿ.

ತಾರೀಖಿನ ಅಂಕಿ ಎರಡೂ ಬದಿಯಲ್ಲಿ ಇರಲೇಬೇಕೆಂದಿಲ್ಲ. ಹೊರಬದಿಯಲ್ಲಿ ಕಾಣಲಿಲ್ಲ ಅಂದ್ರೆ ಅಂಗಡಿಯಲ್ಲೇ ಟೈರ್ ತಿರುಗಿಸಿ ನೋಡಿ. ರಿಮ್ಮಿಗೆ ಕೂರಿಸಿದ ಮೇಲೆ ಗಾಡಿ ಅಡಿಗೆ ಮಲಗಬೇಕಾಗುತ್ತೆ. ಮೊದಲೆರಡು ಅಂಕಿ 53ಕ್ಕಿಂತ ಜಾಸ್ತಿ ಇದ್ದರೆ ನೀವು ಓದುತ್ತಿರೋದು ಬೇರೆ ಯಾವುದೋ ಅಚ್ಚಿನ ನಂಬರ್.

ರೀಟ್ರೆಡ್ ಟೈರಲ್ಲಿ ಎಡವೋರು ಬಹಳ ಜನ. ಮೇಲಿನ ಪಟ್ಟಿ ಹೊಸದು, ಪಕ್ಕದ ಗೋಡೆ ಹಳೇದು. ಡೇಟ್ ಕೋಡ್ ಗೋಡೆಯದ್ದು. ಪಟ್ಟಿಯ ಗುಂಡಿ ಆಳವಾಗಿದೆ ಅಂತ ವಯಸ್ಸು ಕಮ್ಮಿ ಅಂದ್ಕೋಬೇಡಿ. ಸ್ಟೆಪ್ನಿಯದ್ದೂ ಇದೇ ಕತೆ: ಒಂದು ಕಿಲೋಮೀಟರ್ ಓಡದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ, ಹತ್ತು ವರ್ಷಕ್ಕೆ ಗುಂಡಿ ಎಷ್ಟೇ ಇದ್ದರೂ ಬದಲಿ, ಇದು ಹಲವು ತಯಾರಕರ ಸಲಹೆ. ಘಾಟಿ ಇಳಿಯೋ ಗಾಡಿಗೆ ಹತ್ತರವರೆಗೆ ಕಾಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಸರ್ಕ್ಯೂಟ್ ಬೇಲೂರು

ಮೇಲಿನದ್ದಕ್ಕೆ ಒಂದು ಸೇರ್ಪಡೆ. ಸ್ಟಾರ್ಟರ್ ಬೋರ್ಡ್, ಸೋಲಾರ್ ಬೇಲಿಯ ಯೂನಿಟ್, ಇನ್ವರ್ಟರ್ ರಿಪೇರಿ ಮಾಡೋರು ಗಮನಿಸಿ: ಐಸಿ (ಬೋರ್ಡಿನ ಚಿಪ್) ಮೇಲಿನ ನಾಲ್ಕು ಅಂಕಿ ಸಾಮಾನ್ಯವಾಗಿ ಟೈರಿಗೆ ಉಲ್ಟಾ. ವರ್ಷ ಮೊದಲು, ವಾರ ಆಮೇಲೆ. 2318 ಅಂದ್ರೆ 2023ರ 18ನೇ ವಾರ. ಟೈರಿನ ಲೆಕ್ಕದಲ್ಲಿ ಓದಿದರೆ 2018ರ 23ನೇ ವಾರ ಆಗಿಬಿಡುತ್ತೆ, ಐದು ವರ್ಷದ ವ್ಯತ್ಯಾಸ. ಬೋರ್ಡಿನ ವಯಸ್ಸು ಬೇಕಂದ್ರೆ ಇರೋ ಎಲ್ಲ ಐಸಿಗಳ ಕೋಡ್ ಬರ್ಕೊಂಡು ಅತಿ ಹೊಸದನ್ನ ಹಿಡೀರಿ. ಬೋರ್ಡು ಅದಕ್ಕಿಂತ ಹಳೇದಾಗಿರೋಕೆ ಸಾಧ್ಯವಿಲ್ಲ, ನಡುವೆ ಯಾರೂ ಐಸಿ ಬದಲಾಯಿಸಿಲ್ಲ ಅಂದ್ರೆ.

ತೋಟದಮನೆ, ಮೂಡಿಗೆರೆ

ಫ್ರಿಜ್ಜು, ವಾಷಿಂಗ್ ಮೆಷಿನ್ ಯಾರಾದ್ರೂ?

ಸರ್ಕ್ಯೂಟ್ ಬೇಲೂರು

ಕಂಪನಿಗೊಂದು ಕ್ರಮ. ಎಲ್‌ಜಿ ಸೀರಿಯಲ್‌ನಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಎರಡು ತಿಂಗಳು. 304 ಅಂತ ಶುರುವಾದರೆ ಮೂರರಲ್ಲಿ ಕೊನೆಯಾಗೋ ವರ್ಷದ ಏಪ್ರಿಲ್. ತೊಂದರೆ ಏನಂದ್ರೆ 2013ಕ್ಕೂ 304, 2023ಕ್ಕೂ 304. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹತ್ತು ವರ್ಷ ಹೊಸದು ಅಂತ ಮಾರೋಕೆ ಇದೊಂದು ಕಿಂಡಿ. ಕರೆಂಟ್ ಉಳಿತಾಯದ ಸ್ಟಾರ್ ಲೇಬಲ್‌ನಲ್ಲಿರೋ ವರ್ಷ, ಗ್ಯಾಸಿನ ಜಾತಿ, ಆ ಮಾಡೆಲ್ ಯಾವಾಗ ಮಾರುಕಟ್ಟೆಗೆ ಬಂತು ಅನ್ನೋದನ್ನ ಸೇರಿಸಿ ತಾಳೆ ನೋಡಿ. ಸ್ಯಾಮ್‌ಸಂಗ್‌ನಲ್ಲಿ ತಿಂಗಳಿಗೆ ಒಂದೇ ಅಕ್ಷರ: 1ರಿಂದ 9, ಆಮೇಲೆ ಅಕ್ಟೋಬರ್‌ಗೆ ಎ, ನವೆಂಬರ್‌ಗೆ ಬಿ, ಡಿಸೆಂಬರ್‌ಗೆ ಸಿ. ಒಂದೇ ಸ್ಥಾನದಲ್ಲಿ ಹನ್ನೆರಡು ತಿಂಗಳು ಹಿಡಿಸೋ ಉಪಾಯ ಅದು.

ಮಲೆನಾಡ ಮೆಕ್ಯಾನಿಕ್

ಗಾಡಿ ಚಾಸಿ ನಂಬರ್. 17 ಅಕ್ಷರ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸೋ ಹಾಗಿಲ್ಲ. 1, 0 ಜೊತೆ ಗೊಂದಲ ಆಗುತ್ತೆ ಅಂತ ನಿಯಮದಲ್ಲೇ ಕೈಬಿಟ್ಟಿದ್ದಾರೆ. ಹಾಗಾಗಿ ಆರ್‌ಸಿಯಲ್ಲಿ ಚಾಸಿ ನಂಬರ್ ನಡುವೆ ಓ ಅಂತ ಟೈಪ್ ಆಗಿದ್ದರೆ ಅದು ಖಂಡಿತ ತಪ್ಪು, ಅಲ್ಲಿ ಸೊನ್ನೆ ಇರಬೇಕು.

ಮೊದಲ ಮೂರು ತಯಾರಕ. ಎಂಎ3 ಮಾರುತಿ, ಎಂಎಟಿ ಟಾಟಾ, ಎಂಎ1 ಮಹೀಂದ್ರ, ಎಂಬಿಎಲ್ ಹೀರೋ, ಎಂಡಿ2 ಬಜಾಜ್, ಎಂಇ3 ರಾಯಲ್ ಎನ್‌ಫೀಲ್ಡ್. ವರ್ಷಕ್ಕೆ ಹಲವರು 10ನೇ ಸ್ಥಾನ ಬಳಸ್ತಾರೆ. 2010 ಎ, 2011 ಬಿ ಹೀಗೆ ಎಣಿಸ್ಕೊಂಡು ಹೋಗಿ, ಐ ಬಿಟ್ಟರೆ 2018 ಜೆ, ಓ ಕ್ಯೂ ಎರಡೂ ಬಿಟ್ಟರೆ 2023 ಪಿ, 2024 ಆರ್. ತಿಂಗಳಿನ ಅಕ್ಷರ ಎಲ್ಲಿದೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಇಂಟರ್ನೆಟ್ಟಿನ ಒಂದೇ ಪಟ್ಟಿ ಹಿಡಿದು ಎಲ್ಲ ಗಾಡಿ ಓದೋಕೆ ಹೋಗಬೇಡಿ. ಹೊಸ ಗಾಡಿ ಆದರೆ ಡೀಲರ್ ಕೊಡೋ ಮಾರಾಟದ ಪ್ರಮಾಣಪತ್ರ, ಅಂದ್ರೆ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ನೇರವಾಗಿ ಬರೆದಿರುತ್ತೆ. ಜನವರಿಯಲ್ಲಿ ಗಾಡಿ ತಗೊಳ್ಳೋರು ದುಡ್ಡು ಕಟ್ಟೋ ಮುಂಚೆ ಇದನ್ನೇ ಕೇಳಿ, ಹೋದ ವರ್ಷದ ಸ್ಟಾಕ್ ಆದರೆ ರೇಟಿನ ಮಾತು ಬೇರೆ.

ಹಳೇ ಗಾಡಿಗೆ ಪೆನ್ಸಿಲ್ ಪ್ರಿಂಟ್ ತೆಗೆಯೋದು ಎಲ್ಲರಿಗೂ ಗೊತ್ತು, ಆದರೆ ತುಕ್ಕು ಹಿಡಿದ ಜಾಗದ ಮೇಲೆ ನೇರ ಉಜ್ಜಿದರೆ ಏನೂ ಬರಲ್ಲ. ಮೊದಲು ಡೀಸೆಲ್ ಬಟ್ಟೆಯಲ್ಲಿ ಗ್ರೀಸ್ ತೆಗೆದು ಚೆನ್ನಾಗಿ ಒಣಗಿಸಿ. ಸೆಲ್ಲೋಟೇಪಿನಲ್ಲಿ ತೆಳು ಬಿಳಿ ಕಾಗದ ಅಂಟಿಸಿ, ಪೆನ್ಸಿಲ್ ಮೊನೆ ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಎಮರಿ ಪೇಪರ್, ಗ್ರೈಂಡರ್ ಮಾತ್ರ ಆ ಜಾಗಕ್ಕೆ ತಾಗಿಸಬೇಡಿ. ನಂಬರ್ ಸುತ್ತ ಉಜ್ಜಿದ ಗುರುತು ಕಂಡರೆ ಆರ್‌ಟಿಓದಲ್ಲಿ ಟ್ರಾನ್ಸ್‌ಫರ್ ನಿಲ್ಲುತ್ತೆ.

ಬಿಎಂ ರಸ್ತೆ ಸ್ಪೇರ್ಸ್

ಪಂಪ್‌ಸೆಟ್ ಕೊಳ್ಳೋರಿಗೆ ಹೇಳ್ಬೇಕಾದ್ದು ಜಾಸ್ತಿ ಇದೆ.

ಬೋರ್‌ವೆಲ್ ಸಬ್‌ಮರ್ಸಿಬಲ್‌ನಲ್ಲಿ ಮೋಟಾರಿಗೊಂದು ನಂಬರ್, ಮೇಲಿನ ಪಂಪಿಗೊಂದು ನಂಬರ್ ಇರುತ್ತೆ. ಬಿಲ್ಲಿನಲ್ಲಿ ಒಂದನ್ನೇ ಬರೆಯೋ ಅಂಗಡಿಗಳು ಇವೆ. ಎರಡನ್ನೂ ಬರೆಸಿ. ಒಮ್ಮೆ 400 ಅಡಿ ಕೆಳಗೆ ಇಳಿಸಿದ ಮೇಲೆ ನೇಮ್‌ಪ್ಲೇಟ್ ಓದೋಕೆ ಪೈಪ್ ಎತ್ತೋ ಖರ್ಚು ಬೀಳುತ್ತೆ. ಇಳಿಸೋ ಮುಂಚೆ ನಾಲ್ಕು ಫೋಟೋ ಸಾಕು: ಮೋಟಾರಿನ ಪ್ಲೇಟು, ಪಂಪಿನ ಪ್ಲೇಟು, ಬಾಡಿ ಮೇಲಿನ ಪಂಚ್, ಪೆಟ್ಟಿಗೆಯ ಚೀಟಿ. ಮೋಟಾರಿನ ನಂಬರ್ ಮೋಟಾರಿನದ್ದಕ್ಕೆ, ಪಂಪಿನದ್ದು ಪಂಪಿನದ್ದಕ್ಕೆ ಎಲ್ಲ ಕಡೆ ತಾಳೆ ಆಗಬೇಕು. ಪೆಟ್ಟಿಗೆಯ ನಂಬರ್ ಒಂದು, ಒಳಗಿನದ್ದು ಇನ್ನೊಂದು ಅಂದ್ರೆ ಹೆಚ್ಚಿನ ಸಲ ಅಂಗಡಿಯಲ್ಲಿ ಬಿಚ್ಚಿ ತೋರಿಸಿ ವಾಪಸ್ ಹಾಕುವಾಗ ಅದಲುಬದಲಾಗಿರುತ್ತೆ. ಮೋಸ ಅಲ್ಲದಿದ್ದರೂ ಕ್ಲೇಮ್ ಹೊತ್ತಿಗೆ ಕಂಪನಿ ಕಂಪ್ಯೂಟರ್ ಒಪ್ಪಲ್ಲ.

ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ ನಂಬರ್, ಅಂದ್ರೆ ಯಾವ ಭಾರತೀಯ ಮಾನದಂಡ ಅನ್ನೋದು, ಇರುತ್ತೆ. ಸಬ್‌ಮರ್ಸಿಬಲ್‌ಗೆ 8034, ಮೊನೊಬ್ಲಾಕ್‌ಗೆ 9079, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ 14220. ಕೆಳಗಡೆ ಸಿಎಂ/ಎಲ್ ಅಂತ ಶುರುವಾಗೋದು ಲೈಸೆನ್ಸ್ ನಂಬರ್. ಅದು ನಿಮ್ಮ ಪಂಪಿನದ್ದಲ್ಲ, ಆ ಕಾರ್ಖಾನೆಯದ್ದು. ಐಎಸ್‌ಐ ಗುರುತು ಕೊಡೋ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ಊರಿನ ಕಾರ್ಖಾನೆ, ಯಾವ ಐಎಸ್, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಬರುತ್ತೆ. ನಕಲಿ ಮಾಡೋರು ಹೆಚ್ಚಾಗಿ ಬೇರೆಯವರ ನಿಜವಾದ ಲೈಸೆನ್ಸ್ ನಂಬರನ್ನೇ ಕದ್ದು ಹಾಕಿರ್ತಾರೆ. ಹಾಗಾಗಿ ನಂಬರ್ ಸಿಕ್ಕಿತು ಅಂತ ಖುಷಿಪಡಬೇಡಿ, ಹೆಸರು, ವಿಳಾಸ, ಐಎಸ್ ಮೂರೂ ಪ್ಲೇಟಿನ ಜೊತೆ ಹೊಂದಬೇಕು.

ವಾರಂಟಿ ಲೆಕ್ಕ: ಬಿಲ್ ಇದ್ದರೆ ಸಾಮಾನ್ಯವಾಗಿ ಮಾರಾಟದ ದಿನದಿಂದ. ಬಿಲ್ ಇಲ್ಲದಿದ್ದರೆ ಕಂಪನಿ ತಯಾರಿಕೆಯ ದಿನ ಅಥವಾ ಕಾರ್ಖಾನೆಯಿಂದ ಹೊರಟ ದಿನ ಹಿಡಿಯುತ್ತೆ. ಎಂಟು ತಿಂಗಳು ಗೋಡೌನಿನಲ್ಲಿ ಕೂತ ಮಾಲಾದರೆ ಹನ್ನೆರಡು ತಿಂಗಳ ವಾರಂಟಿಯಲ್ಲಿ ಉಳಿಯೋದು ನಾಲ್ಕೇ. ಬ್ಯಾಟರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ನೀರು ತುಂಬಿದ ಬ್ಯಾಟರಿ ಶೆಲ್ಫಲ್ಲಿ ಕೂತಲ್ಲೇ ಚಾರ್ಜ್ ಕಳ್ಕೊಂಡು ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟುತ್ತೆ. ವಾರಂಟಿ ಕಾರ್ಡಿಗೆ ಅಂಗಡಿ ಸೀಲಿನ ಜೊತೆ ಸೀರಿಯಲ್ಲೂ ಬೀಳಬೇಕು, ಬರೀ ಸೀಲಿಗೆ ಬೆಲೆ ಇಲ್ಲ.

ತೋಟದಮನೆ, ಮೂಡಿಗೆರೆ

ನಮ್ಮ ಕಡೆ ಮಳೇಲಿ ಸ್ಟಿಕ್ಕರ್ ಒಂದು ವರ್ಷ ನಿಲ್ಲಲ್ಲ ಮಾರಾಯ್ರೆ. ಬೂಸ್ಟು ಹಿಡಿದು ಅಕ್ಷರವೇ ಹೋಗುತ್ತೆ. ಅದಕ್ಕೇನು?

ಬಿಎಂ ರಸ್ತೆ ಸ್ಪೇರ್ಸ್

ಕೊಂಡ ದಿನವೇ ಸ್ಟಿಕ್ಕರ್ ಮೇಲೆ ಅಗಲದ ಪಾರದರ್ಶಕ ಟೇಪ್ ಹಾಕಿ, ನಾಲ್ಕೂ ಅಂಚು ಅರ್ಧ ಇಂಚು ಹೊರಗೆ ಬರೋ ಹಾಗೆ. ಬಿಸಿಯಾಗೋ ಜಾಗಕ್ಕೆ, ಸೈಲೆನ್ಸರ್ ಪಕ್ಕಕ್ಕೆ, ಟೇಪ್ ಬೇಡ, ಅಲ್ಲಿ ಫೋಟೋ ಮಾತ್ರ. ವೀಡ್ ಕಟರ್, ಚೈನ್ ಸಾದಲ್ಲಿ ಸ್ಟಿಕ್ಕರ್ ಹೋದರೂ ಕ್ರ್ಯಾಂಕ್‌ಕೇಸ್ ಮೇಲೆ ಪಂಚ್ ಮಾಡಿದ ನಂಬರ್ ಉಳಿದಿರುತ್ತೆ. ಮಣ್ಣು, ಎಣ್ಣೆ ಒರೆಸಿ, ಸೀಮೆಸುಣ್ಣ ಮೇಲೆ ಉಜ್ಜಿ ಬೆರಳಲ್ಲಿ ಒರೆಸಿಬಿಡಿ, ಗುಂಡಿಯಲ್ಲಿ ಬಿಳಿ ಉಳಿಯುತ್ತೆ. ಟಾರ್ಚನ್ನ ನೇರ ಹಿಡಿಯದೆ ಪಕ್ಕದಿಂದ ಹಿಡೀರಿ, ನೆರಳಲ್ಲಿ ಅಂಕಿ ಎದ್ದು ಕಾಣುತ್ತೆ. 8 ಮತ್ತು ಬಿ, 5 ಮತ್ತು ಎಸ್, 1 ಮತ್ತು 7, ಇವುಗಳನ್ನ ಎರಡು ಸಲ ನೋಡಿ. ಫೋನಲ್ಲಿ ನಂಬರ್ ಹೇಳಬೇಡಿ, ಫೋಟೋ ಕಳಿಸಿ.

ಅರಕಲಗೂಡು ಕೃಷಿ

ಔಷಧಿ ಮತ್ತು ಬೀಜ ಯಾರೂ ಮುಟ್ಟಿಲ್ಲ, ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಬೇಕಾದ್ದೇ ಅದು.

ಕೀಟನಾಶಕ, ಶಿಲೀಂಧ್ರನಾಶಕದ ಪ್ಯಾಕಿನ ಮೇಲೆ ಬ್ಯಾಚ್ ನಂಬರ್, ತಯಾರಿಕೆ ತಾರೀಖು, ಅವಧಿ ಮುಗಿಯೋ ತಾರೀಖು ಮೂರೂ ಇರಬೇಕು. ಬಿಲ್ಲಿನಲ್ಲೂ ಬ್ಯಾಚ್ ನಂಬರ್ ಬರೆಸಿ. ಅಂಗಮಾರಿ ರೋಗಕ್ಕೆ ಹೊಡೆದ ಔಷಧಿ ಕೆಲಸ ಮಾಡಲಿಲ್ಲ ಅಂತ ದೂರು ಕೊಡೋಕೆ ಹೋದರೆ ಅಧಿಕಾರಿ ಕೇಳೋ ಮೊದಲ ಪ್ರಶ್ನೆ ಬ್ಯಾಚ್. ಅಂಗಡಿಯಲ್ಲಿ ಅದೇ ಬ್ಯಾಚಿನ ಒಡೆಯದ ಪ್ಯಾಕ್ ಇದ್ದರೆ ಮಾತ್ರ ಸರಿಯಾದ ಮಾದರಿ ತೆಗೆದು ಲ್ಯಾಬಿಗೆ ಕಳಿಸಬಹುದು. ನೀವು ಒಡೆದು ಅರ್ಧ ಬಳಸಿದ ಡಬ್ಬದಿಂದ ಏನೂ ಸಾಬೀತಾಗಲ್ಲ. ಹಾಗಾಗಿ ಅನುಮಾನ ಬಂದ ದಿನವೇ ಹೋಗಿ, ಸ್ಟಾಕ್ ಖಾಲಿಯಾಗೋ ಮುಂಚೆ. ಖಾಲಿ ಡಬ್ಬವನ್ನ ಮೂರು ಸಲ ತೊಳೆದು ತೂತು ಮಾಡಿ ಎಸೀಬೇಕು ಅನ್ನೋದು ಸರಿ, ಆದರೆ ಲೇಬಲ್ ಫೋಟೋ ತೆಗೆದ ಮೇಲೆ.

ದೃಢೀಕೃತ ಬೀಜದ ಚೀಲಕ್ಕೆ ಹೊಲಿದ ನೀಲಿ ಟ್ಯಾಗಿನಲ್ಲಿ ಲಾಟ್ ನಂಬರ್ ಇರುತ್ತೆ. ಚೀಲ ಬಿಚ್ಚುವಾಗ ಟ್ಯಾಗ್ ಹರಿದು ಬದುವಿನ ಮೇಲೆ ಎಸೆಯೋದು ಮಾಮೂಲಿ. ಬೆಳೆ ಬರೋವರೆಗೆ ಬಿಲ್ಲಿನ ಜೊತೆ ಪಿನ್ ಮಾಡಿಡಿ. ಎರಡು ಲಾಟ್ ಬೀಜ ಬಂದಿದ್ದರೆ ಬೇರೆ ಬೇರೆ ಸಾಲಿಗೆ ಹಾಕಿ, ಯಾವ ಸಾಲಿಗೆ ಯಾವ ಲಾಟ್ ಅಂತ ಬರೆದಿಡಿ. ಬೆರೆಸಿ ಬಿತ್ತಿದರೆ ಯಾವುದು ಕೆಟ್ಟಿತು ಅಂತ ಹೇಳೋಕೆ ಆಗಲ್ಲ.

ಕಾಫಿಹುರಿ, ಚಿಕ್ಕಮಗಳೂರು

ಮನೆಯಲ್ಲೇ ಹುರಿದು ಪುಡಿ ಮಾರೋರು ಈಗ ಬಹಳ ಇದ್ದಾರೆ. ಅವರು ತಾವೇ ತಯಾರಕರು, ಬ್ಯಾಚ್ ನಂಬರ್ ಕಡ್ಡಾಯ. ಆದರೆ ಎಷ್ಟೋ ಪ್ಯಾಕೆಟ್ ಮೇಲೆ ವರ್ಷಪೂರ್ತಿ "ಬ್ಯಾಚ್ 01" ಅಂತಾನೇ ಇರುತ್ತೆ! ಅದು ನಂಬರ್ ಅಲ್ಲ, ಅಲಂಕಾರ.

ಸರಳ ಪದ್ಧತಿ: ವರ್ಷ, ವರ್ಷದ ಎಷ್ಟನೇ ದಿನ, ಆ ದಿನದ ಎಷ್ಟನೇ ಹುರಿ, ಯಾವ ಮಿಶ್ರಣ. ಉದಾಹರಣೆಗೆ 25-196-2-ಸಿ ಅಂದ್ರೆ 2025ರ 196ನೇ ದಿನ, ಅಂದ್ರೆ ಜುಲೈ 15, ಎರಡನೇ ಹುರಿ, ಚಿಕೋರಿ ಸೇರಿದ್ದು. ಅಧಿಕ ವರ್ಷದಲ್ಲಿ ಫೆಬ್ರವರಿ ನಂತರ ಒಂದು ದಿನ ಮುಂದೆ ಹೋಗುತ್ತೆ, ಜುಲೈ 15 ಆಗ 197. ಗೋಡೆಗೆ ಹಳೇ ವರ್ಷದ ಪಟ್ಟಿ ಅಂಟಿಸಿಕೊಂಡವರು ಇಲ್ಲೇ ತಪ್ತಾರೆ.

ರಿಜಿಸ್ಟರ್‌ನಲ್ಲಿ ಅದೇ ನಂಬರ್ ಎದುರು ಬರೀಬೇಕಾದ್ದು: ಹಸಿ ಬೀಜದ ಮೂಲ ಮತ್ತು ಚೀಲದ ಗುರುತು, ಹಾಕಿದ ತೂಕ, ಬಂದ ತೂಕ, ಚಿಕೋರಿಯ ಲಾಟ್, ಎಷ್ಟು ಪ್ಯಾಕೆಟ್, ಯಾವ ಅಂಗಡಿಗೆ. ಚಿಕೋರಿ ಲಾಟ್ ಬಿಡಬೇಡಿ. ತೇವ ಹಿಡಿದು ಗಂಟು ಕಟ್ಟಿದ ದೂರು ಬಂದರೆ ಮೊದಲು ನೋಡಬೇಕಾದ್ದು ಅದನ್ನೇ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಮ್ಮಿ ಆಗೋ ಹಾಗಿಲ್ಲ, ಎರಡರ ಪ್ರಮಾಣವೂ ಪ್ಯಾಕಿನ ಮೇಲೆ ಬೇಕು. ಪ್ರತಿ ಬ್ಯಾಚಿನ ಒಂದು ಪ್ಯಾಕೆಟ್ ಅವಧಿ ಮುಗಿಯೋವರೆಗೆ ಎತ್ತಿಡಿ.

ಅಚ್ಚು ಹಾಕೋದು: ಲ್ಯಾಮಿನೇಟ್ ಪೌಚಿನ ಮೇಲೆ ರಬ್ಬರ್ ಸ್ಟ್ಯಾಂಪಿನ ಮಾಮೂಲಿ ಇಂಕು ನಿಲ್ಲಲ್ಲ, ಬೆರಳು ತಾಗಿದರೆ ಹೋಗುತ್ತೆ. ಪೌಚಿನ ಬಾಯಿ ಬಿಸಿಯಲ್ಲಿ ಮುಚ್ಚೋ ಬ್ಯಾಂಡ್ ಸೀಲರ್‌ನಲ್ಲೇ ಇಂಕ್ ರೋಲ್ ಇರೋದು ತಗೊಳ್ಳಿ. ರೋಲ್ ಬಿಸಿ ಆಗೋ ಮುಂಚೆ ಓಡಿಸಿದರೆ ಮೊದಲ ಪ್ಯಾಕೆಟ್‌ಗಳು ಮಸುಕಾಗಿ ಬರುತ್ತವೆ, ಖಾಲಿ ಪೌಚು ಹಾಕಿ ನೋಡಿ ಶುರು ಮಾಡಿ. ಬೆಳಿಗ್ಗೆ ಅಚ್ಚುಮೊಳೆ ಬದಲಾಯಿಸೋಕೆ ಮರೆತು ನಿನ್ನೆಯ ನಂಬರ್ ಬೀಳೋದೇ ಈ ಕೆಲಸದ ದೊಡ್ಡ ರೋಗ. ದಿನದ ಮೊದಲ ಪ್ಯಾಕೆಟಿನ ಅಚ್ಚು ಕತ್ತರಿಸಿ ರಿಜಿಸ್ಟರ್ ಪುಟಕ್ಕೆ ಅಂಟಿಸೋ ಅಭ್ಯಾಸ ಇದ್ದರೆ ತಕ್ಷಣ ಸಿಕ್ಕಿಬೀಳುತ್ತೆ.

ಚಾರ್ಮಾಡಿ ತಿರುವು

890ರಿಂದ ಶುರುವಾಗೋ ಬಾರ್‌ಕೋಡ್ ಇದ್ದರೆ ಭಾರತದಲ್ಲೇ ತಯಾರಾದದ್ದು ಅಂತಾರಲ್ಲ, ನಿಜವಾ?

ಅಂಕಗಣಿತ

ಅಲ್ಲ. 890 ಅಂದ್ರೆ ಆ ನಂಬರ್ ಕೊಟ್ಟದ್ದು ಬಾರ್‌ಕೋಡ್ ನಂಬರ್ ಹಂಚೋ ಸಂಸ್ಥೆ ಜಿಎಸ್1 ಇಂಡಿಯಾ ಅಂತ ಅಷ್ಟೇ. ಮಾಲು ಎಲ್ಲಿ ಬೇಕಾದರೂ ತಯಾರಾಗಿರಬಹುದು. ಆ 13 ಅಂಕಿ ಮಾಡೆಲ್ ಗುರುತು, ಅದರಲ್ಲಿ ತಾರೀಖೂ ಇಲ್ಲ, ಸೀರಿಯಲ್ಲೂ ಇಲ್ಲ. ಕೊನೆಯ ಅಂಕಿ ತಾಳೆಗೆ. ಮೊದಲ 12 ಅಂಕಿ 890123456789 ಅಂತ ತಗೊಳ್ಳಿ: ಬೆಸ ಸ್ಥಾನಗಳ ಮೊತ್ತ 28, ಸಮ ಸ್ಥಾನಗಳ ಮೊತ್ತ 34, ಅದರ ಮೂರು ಪಟ್ಟು 102, ಕೂಡಿದರೆ 130. ಹತ್ತರ ಗುಣಕವಾಗೋಕೆ ಇನ್ನೂ ಕೂಡಬೇಕಾದ್ದು 0, ಅದೇ 13ನೇ ಅಂಕಿ. ಒಂದು ಅಂಕಿ ತಪ್ಪಿ ಹೊಡೆದರೆ ಸ್ಕ್ಯಾನರ್ ಒಪ್ಪಲ್ಲ. ಪ್ರತಿ ಫೋನಿಗೂ ಇರೋ ಗುರುತಿನ ನಂಬರ್ ಐಎಂಇಐನ 15ನೇ ಅಂಕಿಯೂ ಇಂಥದ್ದೇ, ಲೆಕ್ಕ ಸ್ವಲ್ಪ ಬೇರೆ.

ಇನ್ನೊಂದು ವಿಷಯ. ಕಂಪನಿಗಳು ಸೀರಿಯಲ್ ನಂಬರನ್ನ ಯಾಕೆ ನೇರವಾಗಿ 1, 2, 3 ಅಂತ ಕೊಡಲ್ಲ, ನಡುವೆ ಯಾಕೆ ಹಾರಿಸ್ತಾರೆ ಅನ್ನೋದಕ್ಕೆ ಎರಡನೇ ಮಹಾಯುದ್ಧದಲ್ಲಿ ಉತ್ತರ ಇದೆ. ಸಿಕ್ಕ ಜರ್ಮನ್ ಟ್ಯಾಂಕುಗಳ ಭಾಗಗಳ ಸೀರಿಯಲ್ ನೋಡಿಯೇ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ತಿಂಗಳ ಉತ್ಪಾದನೆ ಅಂದಾಜು ಮಾಡಿದ್ರು. 1942ರ ಆಗಸ್ಟಿಗೆ ಗೂಢಚಾರರ ಲೆಕ್ಕ 1,550, ಸೀರಿಯಲ್ ಲೆಕ್ಕ 327. ಯುದ್ಧದ ನಂತರ ಸಿಕ್ಕ ಜರ್ಮನ್ ದಾಖಲೆಯಲ್ಲಿ ಇದ್ದದ್ದು 342. ಸೂತ್ರ ಸುಲಭ: ಕಂಡ ಅತಿ ದೊಡ್ಡ ನಂಬರ್‌ಗೆ, ಅದನ್ನ ಕಂಡ ವಸ್ತುಗಳ ಸಂಖ್ಯೆಯಿಂದ ಭಾಗಿಸಿ ಕೂಡಿಸಿ, ಒಂದು ಕಳೆಯಿರಿ. 36, 87, 118, 203, 250 ಅಂತ ಐದು ಸೀರಿಯಲ್ ಕಂಡರೆ 250 + 50 − 1, ಅಂದಾಜು 299. ಪ್ರತಿಸ್ಪರ್ಧಿ ಕಂಪನಿಯೂ ಇದೇ ಲೆಕ್ಕ ಹಾಕಬಹುದಲ್ಲ.

ಕ್ಯೂಸಿ ಹಾಸನ

ಸರಿ. ಅದಕ್ಕೇ ಸಣ್ಣ ಕಾರ್ಖಾನೆಯವರೂ ಮೊದಲ ಯಂತ್ರಕ್ಕೆ 0001 ಹಾಕಲ್ಲ. ಆದರೆ ನಂಬರ್ ಹಾರಿಸಿದರೆ ಹಾರಿಸಿದ್ದಕ್ಕೂ ದಾಖಲೆ ಬೇಕು. ಇಲ್ಲದಿದ್ದರೆ ಆಡಿಟ್‌ನಲ್ಲಿ "ನಡುವಿನ ನಲವತ್ತು ಯಂತ್ರ ಎಲ್ಲಿ?" ಅಂತ ಶುರುವಾಗುತ್ತೆ.

ಮಲೆನಾಡ ಮೆಕ್ಯಾನಿಕ್

ಫೋನ್ ವಿಷಯ ಬಂತು. ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳುವಾಗ *#06# ಒತ್ತಿ ಬರೋ ಐಎಂಇಐ, ಪೆಟ್ಟಿಗೆ ಮೇಲಿನದ್ದು, ಬಿಲ್ಲಿನದ್ದು ಮೂರನ್ನೂ ಹೊಂದಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹಾಕಿದರೆ ಬ್ಲಾಕ್ ಆಗಿದೆಯಾ ಅಂತ ತಿಳಿಯುತ್ತೆ. ಕಳೆದುಹೋದ ಫೋನ್ ಬ್ಲಾಕ್ ಮಾಡಿಸೋದೂ ಅಲ್ಲೇ, ಪೊಲೀಸ್ ದೂರಿನ ಪ್ರತಿ ಬೇಕು.

ತೋಟದಮನೆ, ಮೂಡಿಗೆರೆ

ಸಿಲಿಂಡರ್ ಬಾಕಿ ಇದೆ.

ಬಿಎಂ ರಸ್ತೆ ಸ್ಪೇರ್ಸ್

ಮೇಲಿನ ಹಿಡಿಬಳೆಗೆ ಆಧಾರವಾಗಿ ಮೂರು ಪಟ್ಟಿ ಇರುತ್ತಲ್ಲ, ಅದರಲ್ಲಿ ಒಂದರ ಒಳಮುಖದಲ್ಲಿ ಒಂದು ಅಕ್ಷರ, ವರ್ಷದ ಎರಡು ಅಂಕಿ ಬಣ್ಣದಲ್ಲಿ ಬರೆದಿರುತ್ತೆ. ಎ ಅಂದ್ರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿ-27 ಅಂದ್ರೆ 2027ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರ್ ಒತ್ತಡದ ಪರೀಕ್ಷೆಗೆ ಹೋಗಬೇಕು. ಅದು ಗ್ಯಾಸಿನ ಅವಧಿ ಅಲ್ಲ, ಗ್ಯಾಸ್ ಕೆಡಲ್ಲ. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ಅವಧಿ ದಾಟಿದ್ದು ಬಂದರೆ ಸೀಲ್ ಒಡೆಯೋ ಮುಂಚೆ ಬಾಗಿಲಲ್ಲೇ ವಾಪಸ್ ಕೊಡಿ, ಬೇರೆ ಕೊಡಬೇಕಾದ್ದು ಏಜೆನ್ಸಿಯ ಜವಾಬ್ದಾರಿ. ಕೇಸರಿ ಬಣ್ಣದ ಸುರಕ್ಷಾ ಹೋಸಿನ ಮೇಲೂ ತಯಾರಾದ ವರ್ಷ ಅಚ್ಚಾಗಿರುತ್ತೆ, ಐದು ವರ್ಷಕ್ಕೆ ಬದಲಿಸಿ.

ಅರಕಲಗೂಡು ಕೃಷಿ

ಪಿನ್ ಮಾಡುವಾಗ ಹಸುವಿನ ಕಿವಿಯ ಹಳದಿ ಓಲೆಯ 12 ಅಂಕಿಯನ್ನೂ ಸೇರಿಸಿ. ಅದು ಬ್ಯಾಚ್ ನಂಬರ್ ಅಲ್ಲ, ಒಂದು ಹಸುವಿಗೆ ಒಂದೇ. ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲ ಅದರ ಮೇಲೇ ದಾಖಲಾಗೋದು. ಓಲೆ ಕಿತ್ತುಹೋದರೆ ಹೊಸದು ಹಾಕಿಸಿ ಹಳೇ ನಂಬರ್ ಜೊತೆ ಜೋಡಿಸೋಕೆ ಪಶು ಆಸ್ಪತ್ರೆಯಲ್ಲಿ ಹೇಳಿ, ವಿಮೆ ಇದ್ದರೆ ಕಂಪನಿಗೂ ಆಗಲೇ ತಿಳಿಸಿ. ಓಲೆ ಇಲ್ಲದ ಹಸುವಿಗೆ ಕ್ಲೇಮ್ ಸಿಗೋದು ಬಹಳ ಕಷ್ಟ.